ಫ್ಲಾಕ್ ಹಾಕಿದ್ದರೂ ಡಿಪ್ಲಾಯ್ ಸ್ಕ್ರಿಪ್ಟ್ ಒಮ್ಮೊಮ್ಮೆ ಒಟ್ಟಿಗೆ ಎರಡು ಸಲ ಓಡುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ, ದಾರಿ ಕಾಣುತ್ತಿಲ್ಲ.

ಇರೋದು ಒಂದೇ ಲಿನಕ್ಸ್ ಸರ್ವರ್. ಡಿಪ್ಲಾಯ್ ಮಾಡಲು (ಹೊಸ ಕೋಡನ್ನು ಸರ್ವರಿಗೆ ತಂದು ಓಡಿಸಲು) ಒಂದು ಬ್ಯಾಶ್ ಸ್ಕ್ರಿಪ್ಟ್: ಗಿಟ್ ಪುಲ್, ಪ್ಯಾಕೇಜ್ ಇನ್‌ಸ್ಟಾಲ್, ಬಿಲ್ಡ್, ಡೇಟಾಬೇಸ್ ಮೈಗ್ರೇಶನ್, ಕೊನೆಗೆ ಬ್ಯಾಕ್‌ಗ್ರೌಂಡ್ ವರ್ಕರ್ ರೀಸ್ಟಾರ್ಟ್. ಎಲ್ಲ ಮುಗಿಯಲು ನಾಲ್ಕೈದು ನಿಮಿಷ ಬೇಕು. ಗಿಟ್‌ಗೆ ಹೊಸ ಕೋಡ್ ಪುಶ್ ಆದಾಗ ಅಲ್ಲಿಂದ ಬರುವ ಸೂಚನೆ, ಅಂದರೆ ವೆಬ್‌ಹುಕ್, ಇದನ್ನು ಓಡಿಸುತ್ತದೆ. ವೆಬ್‌ಹುಕ್ ಕೈಕೊಟ್ಟರೆ ಇರಲಿ ಅಂತ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ) ಕೂಡ ಹತ್ತು ನಿಮಿಷಕ್ಕೊಮ್ಮೆ ಓಡಿಸುತ್ತದೆ.

ಲಾಕ್ ಇಲ್ಲ ಅಂತಲ್ಲ. ಫ್ಲಾಕ್‌ನ (ಫೈಲಿನ ಮೇಲೆ ಲಾಕ್ ಹಿಡಿಯುವ ಕಮಾಂಡ್) ಮ್ಯಾನ್ ಪೇಜ್‌ನಲ್ಲಿರುವ ಉದಾಹರಣೆಯನ್ನೇ ಸ್ಕ್ರಿಪ್ಟಿನ ತಲೆಗೆ ಹಾಕಿದ್ದೇನೆ. ಸ್ಕ್ರಿಪ್ಟ್ ತನ್ನದೇ ಫೈಲಿನ ಮೇಲೆ ಲಾಕ್ ಹಿಡಿದು ತನ್ನನ್ನೇ ಮತ್ತೊಮ್ಮೆ ಕರೆದುಕೊಳ್ಳುತ್ತದೆ. ಲಾಕ್ ಸಿಗದಿದ್ದರೆ ಕಾಯದೆ ವಾಪಸ್ ಬರಲಿ ಅಂತ ಮೈನಸ್ ಎನ್ ಕೊಟ್ಟಿದ್ದೇನೆ. ನೂರಕ್ಕೆ ತೊಂಬತ್ತೈದು ಸಲ ಸರಿಯಾಗಿಯೇ ತಡೆಯುತ್ತದೆ, ಕೈಯಾರೆ ಪರೀಕ್ಷಿಸಿದರೂ ತಡೆಯುತ್ತದೆ. ಆದರೆ ನಿನ್ನೆಯ ಲಾಗ್ ನೋಡಿ (ಪಿಐಡಿ ಅಂದರೆ ಓಡುತ್ತಿರುವ ಪ್ರೊಸೆಸ್ಸಿನ ನಂಬರ್):

11:02:14 ಶುರು, ಪಿಐಡಿ 20817
11:02:19 ಗಿಟ್ ಪುಲ್ ಮುಗಿಯಿತು
11:04:40 ಶುರು, ಪಿಐಡಿ 21390
11:04:46 ಪಿಐಡಿ 21390: ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿದೆ
11:04:47 ಪಿಐಡಿ 20817: ಕಾಪಿ ಮಾಡಬೇಕಾದ ಫೈಲ್ ಇಲ್ಲ, ನಿಲ್ಲಿಸುತ್ತಿದ್ದೇನೆ

ಮೊದಲನೆಯದು ಇನ್ನೂ ಓಡುತ್ತಿರುವಾಗಲೇ ಎರಡನೆಯದಕ್ಕೆ ಲಾಕ್ ಸಿಕ್ಕಿದ್ದು ಹೇಗೆ? ಬೇಸರದ ಸಂಗತಿ ಏನೆಂದರೆ, ಸರಿಪಡಿಸೋಣ ಅಂತ ಸ್ಕ್ರಿಪ್ಟಿಗೆ ಕೈಹಾಕಿದ ದಿನವೇ ಈ ಕಾಟ ಹೆಚ್ಚು.

ಉತ್ತರ 1

ನಾನು ಫ್ಲಾಕ್ ಬಳಸುವುದಿಲ್ಲ, ಎಂಕೆಡಿಐಆರ್ ಬಳಸುತ್ತೇನೆ. ಫೋಲ್ಡರ್ ಆಗಲೇ ಇದ್ದರೆ ಎಂಕೆಡಿಐಆರ್ ಸೋಲುತ್ತದೆ, ಇಲ್ಲದಿದ್ದರೆ ಸೃಷ್ಟಿಸುತ್ತದೆ. ನೋಡುವುದು, ಸೃಷ್ಟಿಸುವುದು ಎರಡೂ ಒಂದೇ ಏಟಿಗೆ ಆಗುವುದರಿಂದ ನಡುವೆ ಇನ್ನೊಬ್ಬರು ನುಸುಳಲು ಜಾಗ ಇಲ್ಲ. ಟ್ರ್ಯಾಪ್ (ಸ್ಕ್ರಿಪ್ಟ್ ನಿಲ್ಲುವಾಗ ತಾನಾಗಿ ಓಡುವ ಸಾಲು) ಹಾಕಿ, ಸ್ಕ್ರಿಪ್ಟ್ ಮುಗಿದಾಗ ಫೋಲ್ಡರ್ ತೆಗೆದರೆ ಆಯಿತು.

ಉತ್ತರ 2

ಎಂಕೆಡಿಐಆರ್ ಬಗ್ಗೆ ಮೇಲೆ ಹೇಳಿದ್ದು ಸರಿ. ಮೊದಲು ಫೈಲ್ ಇದೆಯಾ ಅಂತ ನೋಡಿ ಆಮೇಲೆ ಟಚ್ ಮಾಡಿ ಸೃಷ್ಟಿಸುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಕಿಲ್ ಮೈನಸ್ 9 ಬಿದ್ದು ಸ್ಕ್ರಿಪ್ಟ್ ಬಲವಂತವಾಗಿ ನಿಂತರೆ ಟ್ರ್ಯಾಪ್ ಓಡುವುದೇ ಇಲ್ಲ. ಕರೆಂಟ್ ಹೋದರೂ ಅಷ್ಟೇ. ಫೋಲ್ಡರ್ ಹಾಗೇ ಉಳಿದು, ಯಾರಾದರೂ ಕೈಯಿಂದ ಅಳಿಸುವ ತನಕ ಡಿಪ್ಲಾಯ್ ಬಂದ್. ಫ್ಲಾಕ್‌ನಲ್ಲಿ ಆ ಗೋಳಿಲ್ಲ. ಪ್ರೊಸೆಸ್ ಹೇಗೆ ಸತ್ತರೂ ಅದು ತೆರೆದಿದ್ದ ಫೈಲುಗಳನ್ನು ಕರ್ನಲ್ ಮುಚ್ಚುತ್ತದೆ, ಲಾಕ್ ತಾನಾಗಿ ಬಿಟ್ಟುಹೋಗುತ್ತದೆ. ಆದ್ದರಿಂದ ಫ್ಲಾಕ್ ಬಿಡಬೇಡಿ.

ಪ್ರಶ್ನೆ ಕೇಳಿದವರೇ, ನಿಮ್ಮ ಕೊನೆಯ ಸಾಲಿನಲ್ಲೇ ಸುಳಿವಿದೆ ಅನ್ನಿಸುತ್ತಿದೆ. ಡಿಪ್ಲಾಯ್ ಸ್ಕ್ರಿಪ್ಟ್ ಇರುವುದು ಅದೇ ಗಿಟ್ ರೆಪೊ ಒಳಗೇ ಅಲ್ಲವೇ? ಹಾಗಿದ್ದರೆ ಎರಡು ವಿಷಯ ನೋಡಿ ಹೇಳಿ. ಒಂದು, ಒಟ್ಟಿಗೆ ಎರಡು ಓಡಿದ ದಿನಗಳಲ್ಲಿ ಬಂದ ಕಮಿಟ್‌ಗಳು ಆ ಸ್ಕ್ರಿಪ್ಟನ್ನೂ ಬದಲಿಸಿದ್ದವೇ? ಎರಡು, ಸ್ಕ್ರಿಪ್ಟಿನಲ್ಲಿ ಸಣ್ಣದೊಂದು ಬದಲಾವಣೆ ಪುಶ್ ಮಾಡಿ, ಪುಲ್‌ಗೆ ಮುಂಚೆ ಮತ್ತು ಆಮೇಲೆ ಎಲ್‌ಎಸ್ ಮೈನಸ್ ಐ ಹೊಡೆದು ಫೈಲಿನ ಐನೋಡ್ ನಂಬರ್ (ಹೆಸರು ಏನೇ ಇರಲಿ, ಡಿಸ್ಕಿನಲ್ಲಿ ಆ ಫೈಲಿಗಿರುವ ಗುರುತು) ನೋಡಿ. ಎರಡೂ ಓಡುತ್ತಿರುವಾಗ ಸದ್ಯ ಹಿಡಿದಿರುವ ಲಾಕ್‌ಗಳ ಪಟ್ಟಿ ಇರುವ, ಪ್ರಾಕ್ ಒಳಗಿನ ಲಾಕ್ಸ್ ಫೈಲನ್ನೂ ಒಮ್ಮೆ ತೆರೆದು ನೋಡಿ.

ಕೇಳಿದವರು

ಹೌದು, ರೆಪೊ ಒಳಗೇ ಇದೆ. ಲಾಗ್‌ನಲ್ಲಿ ಮೂರು ದಿನ ಸಿಕ್ಕವು, ಮೂರರಲ್ಲೂ ಕಮಿಟ್ ಸ್ಕ್ರಿಪ್ಟನ್ನು ಮುಟ್ಟಿತ್ತು! ಪುಲ್‌ಗೆ ಮುಂಚೆ ಐನೋಡ್ 1311042, ಆಮೇಲೆ 1311877. ಪ್ರಾಕ್‌ನ ಪಟ್ಟಿಯಲ್ಲಿ ಎರಡು ಫ್ಲಾಕ್ ಸಾಲುಗಳಿವೆ, ಒಂದರ ತುದಿಗೆ ಮೊದಲ ನಂಬರ್, ಇನ್ನೊಂದಕ್ಕೆ ಎರಡನೆಯದು. ಫೈಲ್ ಹೆಸರು ಒಂದೇ, ಲಾಕ್ ಎರಡು. ಇದು ಹೇಗೆ?

ಉತ್ತರ 2

ಸಿಕ್ಕಿತು. ಲಾಕ್ ಕೂರುವುದು ಫೈಲಿನ ಹೆಸರಿನ ಮೇಲಲ್ಲ, ಐನೋಡ್ ಮೇಲೆ. ಗಿಟ್ ಒಂದು ಫೈಲನ್ನು ಹೊಸ ಆವೃತ್ತಿಗೆ ತರುವಾಗ ಹಳೆಯದರ ಒಳಗೆ ತಿದ್ದಿ ಬರೆಯುವುದಿಲ್ಲ. ಹಳೆಯದನ್ನು ತೆಗೆದು ಅದೇ ಹೆಸರಿನಲ್ಲಿ ಹೊಸ ಫೈಲ್ ಇಡುತ್ತದೆ. ಬೀಗ ಹಾಕಿದ್ದ ಬಾಗಿಲನ್ನು ಬೀಗದ ಸಮೇತ ಕಳಚಿ, ಅದೇ ಚೌಕಟ್ಟಿಗೆ ಬೀಗವಿಲ್ಲದ ಹೊಸ ಬಾಗಿಲು ಕೂರಿಸಿದ ಹಾಗೆ. 11:02:19ಕ್ಕೆ ಆದದ್ದು ಅದೇ. 20817 ಹಿಡಿದಿದ್ದ ಲಾಕ್ ಬಿಟ್ಟುಹೋಗಿರಲಿಲ್ಲ, ಹಳೆಯ ಐನೋಡ್ ಮೇಲೆ ಭದ್ರವಾಗಿಯೇ ಇತ್ತು. 11:04:40ಕ್ಕೆ ಬಂದವನು ತೆರೆದದ್ದು ಹೊಸ ಫೈಲು. ಕೈಯಾರೆ ಪರೀಕ್ಷಿಸಿದಾಗ ಸ್ಕ್ರಿಪ್ಟ್ ಬದಲಾಗುವುದಿಲ್ಲ, ಅದಕ್ಕೇ ದೋಷ ಕಾಣಲಿಲ್ಲ.

ಮ್ಯಾನ್ ಪೇಜ್‌ನ ಉದಾಹರಣೆ ತಪ್ಪಲ್ಲ. ಆದರೆ ತನ್ನನ್ನು ತಾನೇ ಬದಲಿಸಿಕೊಳ್ಳುವ ಸ್ಕ್ರಿಪ್ಟಿಗೆ ಅದು ಹೊಂದುವುದಿಲ್ಲ.

ಲಾಕ್‌ಗೆಂದೇ ಒಂದು ಖಾಲಿ ಫೈಲ್ ಇಡಿ, ರೆಪೊ ಹೊರಗೆ, ಡಿಪ್ಲಾಯ್ ಯೂಸರ್‌ಗೆ ಸೇರಿದ ಫೋಲ್ಡರಿನಲ್ಲಿ. ಸ್ಕ್ರಿಪ್ಟಿನ ಆರಂಭದಲ್ಲಿ ಎಕ್ಸೆಕ್ ಬಳಸಿ ಆ ಫೈಲನ್ನು 9ನೇ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಕೊಡುವ ನಂಬರ್) ಆಗಿ ತೆರೆಯಿರಿ, ಮುಂದಿನ ಸಾಲಿನಲ್ಲಿ ಫ್ಲಾಕ್‌ಗೆ ಆ 9 ಅನ್ನು ಕೊಡಿ. ಸ್ಕ್ರಿಪ್ಟ್ ಮುಗಿದಾಗ 9 ಮುಚ್ಚುತ್ತದೆ, ಲಾಕ್ ಹೋಗುತ್ತದೆ. ಟ್ರ್ಯಾಪ್ ಬೇಕಿಲ್ಲ.

ಆದರೆ ಲಾಕ್ ಫೈಲನ್ನು ತಾತ್ಕಾಲಿಕ ಫೈಲುಗಳ ಟಿಎಂಪಿ ಫೋಲ್ಡರಿನಲ್ಲಿ ಇಡಲೇಬೇಡಿ. ನಿಮ್ಮ ವೆಬ್‌ಹುಕ್ ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಲಿನಕ್ಸ್ ವ್ಯವಸ್ಥೆ) ಸರ್ವಿಸ್ ಆಗಿದ್ದು ಅದರಲ್ಲಿ ಪ್ರೈವೇಟ್‌ಟಿಎಂಪಿ ಆನ್ ಆಗಿದ್ದರೆ, ಅದಕ್ಕೆ ಕಾಣುವ ಟಿಎಂಪಿಯೇ ಬೇರೆ, ಕ್ರಾನ್‌ಗೆ ಕಾಣುವುದೇ ಬೇರೆ. ಮತ್ತೆ ಒಂದೇ ಹೆಸರು, ಎರಡು ಫೈಲು, ಎರಡು ಲಾಕ್.

ಕೇಳಿದವರು

ಬಾಗಿಲಿನ ಉದಾಹರಣೆಯಿಂದ ಕೂಡಲೇ ತಿಳಿಯಿತು, ತುಂಬಾ ಥ್ಯಾಂಕ್ಸ್. ಬದಲಿಸಿದೆ. ಕೊನೆಯಲ್ಲಿ ಲಾಕ್ ಫೈಲನ್ನು ಅಳಿಸುವ ಒಂದು ಸಾಲನ್ನೂ ಸೇರಿಸಿದೆ, ಚೊಕ್ಕವಾಗಿರಲಿ ಅಂತ. ಆದರೆ ಈಗ ತದ್ವಿರುದ್ಧ ತೊಂದರೆ. ಅಳಿಸುವ ಸಾಲು ಸೇರಿಸುವ ಮುಂಚೆ ಓಡಿಸಿದಾಗ, ಡಿಪ್ಲಾಯ್ ಮುಗಿದು ಹತ್ತು ನಿಮಿಷವಾದರೂ ಲಾಕ್ ಬಿಡಲೇ ಇಲ್ಲ. ಪ್ರಾಕ್‌ನಲ್ಲಿ ತೋರಿಸುವ ಪಿಐಡಿ ಹುಡುಕಿದರೆ ಅಂಥ ಪ್ರೊಸೆಸ್ಸೇ ಇಲ್ಲ.

ಉತ್ತರ 2

ಮೊದಲು ಆ ಅಳಿಸುವ ಸಾಲನ್ನು ತೆಗೆಯಿರಿ, ಅದು ಹಳೆಯ ರೋಗವನ್ನೇ ವಾಪಸ್ ತರುತ್ತದೆ. ಮೊದಲನೆಯದು ಓಡುತ್ತಿದೆ, ಎರಡನೆಯದು ಅದೇ ಫೈಲ್ ತೆರೆದು ಕಾಯುತ್ತಿದೆ ಅಂದುಕೊಳ್ಳಿ. ಮೊದಲನೆಯದು ಮುಗಿಯುವಾಗ ಫೈಲ್ ಅಳಿಸಿತು. ಎರಡನೆಯದಕ್ಕೆ ಲಾಕ್ ಸಿಕ್ಕಿತು, ಆದರೆ ಅಳಿಸಿಹೋದ ಐನೋಡ್ ಮೇಲೆ. ಅಷ್ಟರಲ್ಲಿ ಮೂರನೆಯದು ಬಂದು ಅದೇ ಹೆಸರಲ್ಲಿ ಹೊಸ ಫೈಲ್ ಸೃಷ್ಟಿಸಿ ಅದರ ಮೇಲೆ ಲಾಕ್ ಹಿಡಿಯಿತು. ಮತ್ತೆ ಎರಡು ಒಟ್ಟಿಗೆ. ಖಾಲಿ ಫೈಲ್ ಅಲ್ಲೇ ಬಿದ್ದಿರಲಿ, ಏನೂ ನಷ್ಟವಿಲ್ಲ.

ಇನ್ನು ಬಿಡದ ಲಾಕ್. ಪ್ರಾಕ್ ತೋರಿಸುವುದು ಲಾಕ್ ಪಡೆದ ಪ್ರೊಸೆಸ್ಸಿನ ಪಿಐಡಿ, ಅಂದರೆ ಫ್ಲಾಕ್ ಕಮಾಂಡ್. ಅದು ಲಾಕ್ ಪಡೆದ ಕ್ಷಣವೇ ಮುಗಿದುಹೋಗಿರುತ್ತದೆ. ಫೈಲನ್ನು ಈಗ ಹಿಡಿದುಕೊಂಡಿರುವವರು ಯಾರು ಅಂತ ತಿಳಿಯಲು ಲಾಕ್ ಫೈಲಿನ ಮೇಲೆ ಫ್ಯೂಸರ್ ಅಥವಾ ಎಲ್‌ಎಸ್‌ಒಎಫ್ ಓಡಿಸಿ. ನಿಮ್ಮ ವರ್ಕರ್ ಸಿಗುತ್ತದೆ ಅಂತ ನನ್ನ ಊಹೆ. ಸ್ಕ್ರಿಪ್ಟ್ ಶುರುಮಾಡುವ ಪ್ರತಿ ಪ್ರೊಸೆಸ್ಸಿಗೂ 9ನೇ ಡಿಸ್ಕ್ರಿಪ್ಟರ್ ಬಳುವಳಿಯಾಗಿ ಹೋಗುತ್ತದೆ. ಅದರ ಕೊನೆಯ ಪ್ರತಿ ಮುಚ್ಚುವ ತನಕ ಲಾಕ್ ಜೀವಂತ. ವರ್ಕರ್ ಓಡುತ್ತಲೇ ಇರುವುದರಿಂದ ಲಾಕ್ ಕೂಡ ಇದ್ದೇ ಇರುತ್ತದೆ.

ವರ್ಕರ್ ಶುರುಮಾಡುವ ಸಾಲಿನಲ್ಲೇ 9ನ್ನು ಮುಚ್ಚಿ ಕಳಿಸಿ; 9, ದೊಡ್ಡದು ಚಿಹ್ನೆ, ಆಂಪರ್ಸೆಂಡ್, ಮೈನಸ್, ನಡುವೆ ಜಾಗ ಬಿಡದೆ: 9>&-. ಇನ್ನೂ ಒಳ್ಳೆಯದು, ವರ್ಕರನ್ನು ಸಿಸ್ಟಮ್‌ಡಿಗೆ ಒಪ್ಪಿಸುವುದು. ಆಗ ಅದು ಸ್ಕ್ರಿಪ್ಟಿನ ಮಗು ಆಗುವುದೇ ಇಲ್ಲ, ಡಿಸ್ಕ್ರಿಪ್ಟರ್ ಕೂಡ ಹೋಗುವುದಿಲ್ಲ. ನಾನಾದರೆ ಇದನ್ನೇ ಮಾಡುತ್ತೇನೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು: ಮೈನಸ್ ಎನ್ ಇಲ್ಲಿ ಬೇಡ. ಡಿಪ್ಲಾಯ್ ನಡೆಯುತ್ತಿರುವಾಗ ಪುಶ್ ಆದರೆ ಎರಡನೇ ಓಟ ಸುಮ್ಮನೆ ವಾಪಸ್ ಹೋಗುತ್ತದೆ. ಮೊದಲನೆಯದರ ಗಿಟ್ ಪುಲ್ ಆಗಲೇ ಮುಗಿದಿರುವುದರಿಂದ ಹೊಸ ಕಮಿಟ್ ಯಾರ ಕೈಗೂ ಸಿಗುವುದಿಲ್ಲ. ನಿಮ್ಮಲ್ಲಿ ಕ್ರಾನ್ ಬಂದು ಎತ್ತಿಕೊಳ್ಳುತ್ತಿತ್ತು, ಅದಕ್ಕೇ ಗಮನಕ್ಕೆ ಬಂದಿಲ್ಲ. ಮೈನಸ್ ಡಬ್ಲ್ಯೂ 900 ಕೊಡಿ, ಹದಿನೈದು ನಿಮಿಷ ಕಾಯಲಿ. ಮೈನಸ್ ದೊಡ್ಡ ಇ ಬಳಸಿ 75ರಂಥ ಬೇರೆ ಎಕ್ಸಿಟ್ ಕೋಡ್ ಕೊಟ್ಟರೆ, ಲಾಕ್ ಸಿಗದೆ ಬಿಟ್ಟದ್ದೋ ಬಿಲ್ಡ್ ಬಿದ್ದದ್ದೋ ಅಂತ ಲಾಗ್‌ನಲ್ಲೇ ಗೊತ್ತಾಗುತ್ತದೆ. ಪುಲ್ ಮಾತ್ರ ಲಾಕ್ ಸಿಕ್ಕ ಮೇಲೆಯೇ ಆಗಬೇಕು.

ಕೇಳಿದವರು

ಫ್ಯೂಸರ್ ವರ್ಕರನ್ನೇ ತೋರಿಸಿತು. ಸಿಸ್ಟಮ್‌ಡಿಗೆ ಹಾಕಿದೆ, ಲಾಕ್ ಸರಿಯಾಗಿ ಬಿಡುತ್ತಿದೆ. ಒಂದು ಅನುಮಾನ: ಐದು ನಿಮಿಷದಲ್ಲಿ ಮೂರು ಪುಶ್ ಆದರೆ ಮೂರು ಓಟ ಸಾಲುಗಟ್ಟಿ, ಒಂದೇ ಕಮಿಟನ್ನು ಮತ್ತೆ ಮತ್ತೆ ಬಿಲ್ಡ್ ಮಾಡುವುದಿಲ್ಲವೇ?

ಉತ್ತರ 2

ಮಾಡುತ್ತದೆ. ಡಿಪ್ಲಾಯ್ ಯಶಸ್ವಿಯಾದಾಗ ಆ ಕಮಿಟ್ ಐಡಿಯನ್ನು ಲಾಕ್ ಫೈಲಿನ ಪಕ್ಕದಲ್ಲೇ ಇನ್ನೊಂದು ಫೈಲಿಗೆ ಬರೆದಿಡಿ. ಲಾಕ್ ಸಿಕ್ಕ ಮೇಲೆ ಫೆಚ್ ಮಾಡಿ, ರಿಮೋಟ್‌ನ ತುದಿಯ ಕಮಿಟ್ ಅದೇ ಆಗಿದ್ದರೆ ಸೊನ್ನೆ ಕೊಟ್ಟು ಹೊರಬನ್ನಿ. ಹೋಲಿಕೆಗೆ ಗಿಟ್‌ನ ಹೆಡ್ (ಸರ್ವರಿನಲ್ಲಿರುವ ಪ್ರತಿಯ ಸದ್ಯದ ಕಮಿಟ್) ಬಳಸಬೇಡಿ. ಪುಲ್ ಆದಮೇಲೆ ಬಿಲ್ಡ್ ಬಿದ್ದಿದ್ದರೂ ಹೆಡ್ ಮುಂದಕ್ಕೆ ಹೋಗಿರುತ್ತದೆ, ಅರ್ಧಕ್ಕೆ ನಿಂತ ಡಿಪ್ಲಾಯ್ ಮುಗಿದಂತೆ ಕಾಣುತ್ತದೆ.

ಕೇಳಿದವರು

ಹಾಗೇ ಮಾಡಿದೆ. ಬಿಲ್ಡ್ ಹಂತದಲ್ಲಿ ಎರಡು ನಿಮಿಷದ ಸ್ಲೀಪ್ ಇಟ್ಟು, ಬೇಕೆಂದೇ ಸ್ಕ್ರಿಪ್ಟನ್ನು ಬದಲಿಸುವ ಕಮಿಟ್‌ಗಳನ್ನು ಒಂದರ ಹಿಂದೊಂದು ಮೂರು ಸಲ ಪುಶ್ ಮಾಡಿದೆ. ಮೊದಲನೆಯದು ಓಡಿತು, ಉಳಿದೆರಡು ಕಾದವು. ಎರಡನೆಯದು ಕೊನೆಯ ಕಮಿಟನ್ನು ಡಿಪ್ಲಾಯ್ ಮಾಡಿತು, ಮೂರನೆಯದು "ಹೊಸದೇನೂ ಇಲ್ಲ" ಅಂತ ಬರೆದು ಒಂದೇ ಸೆಕೆಂಡಿನಲ್ಲಿ ಮುಗಿಯಿತು. ಪ್ರಾಕ್‌ನಲ್ಲಿ ಮೂರಕ್ಕೂ ಒಂದೇ ಐನೋಡ್ ನಂಬರ್.