ಒಂದೇ ಜನ್ಮಸಮಯ, ಎರಡು ಕುಂಡಲಿ: ಗುರು-ಶನಿ ಯುತಿ ಮೇಷದಲ್ಲೋ ವೃಷಭದಲ್ಲೋ?

ಪ್ರಶ್ನೆ

ನಮಸ್ಕಾರ. ಜನನ 28 ಮೇ 2000, ಸಂಜೆ 7.10. ವೃಶ್ಚಿಕ ಲಗ್ನ, ಸುಮಾರು 20°. ಇದೇ ವಿವರವನ್ನು ಎರಡು ಆ್ಯಪ್‌ಗಳಿಗೆ ಕೊಟ್ಟರೆ ಒಂದರಲ್ಲಿ ಗುರು, ಶನಿ ಇಬ್ಬರೂ ಮೇಷದಲ್ಲಿ, ಅಂದರೆ ಆರನೇ ಮನೆ. ಶನಿ ನೀಚ (ಅತಿ ದುರ್ಬಲ ರಾಶಿಯಲ್ಲಿ), 'ನೀಚಭಂಗ ರಾಜಯೋಗ' (ಆ ದೌರ್ಬಲ್ಯ ನೀಗಿ ಒಳ್ಳೆಯ ಯೋಗವಾಗುವುದು) ಎಂದಿದೆ. ಇನ್ನೊಂದರಲ್ಲಿ ಇಬ್ಬರೂ ವೃಷಭದಲ್ಲಿ, ಏಳನೇ ಮನೆ. 'ವಿವಾಹ ವಿಳಂಬ' ಎಂದಿದೆ. ಜನ್ಮಸ್ಥಳ, ಸಮಯವಲಯ ಎರಡರಲ್ಲೂ ಸರಿಯಾಗಿವೆ. ಯಾವುದನ್ನು ಹಿಡಿಯಬೇಕು?

ಉತ್ತರ 1

ತಪ್ಪು ಸಮಯದ್ದಲ್ಲ, ಅಯನಾಂಶದ್ದು, ಅಂದರೆ ವಿಷುವ ಬಿಂದುವಿನಿಂದ ಅಳೆದ ಗ್ರಹಸ್ಥಾನದಿಂದ ನಮ್ಮ ರಾಶಿಚಕ್ರಕ್ಕಾಗಿ ಕಳೆಯುವ ಡಿಗ್ರಿಗಳದ್ದು. ಎರಡೂ ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಅಯನಾಂಶ ಯಾವುದಿದೆ ನೋಡಿ. ಒಂದರಲ್ಲಿ ಲಾಹಿರಿ (ಚಿತ್ರಾಪಕ್ಷ), ಇನ್ನೊಂದರಲ್ಲಿ ರಾಮನ್ ಇರಲೇಬೇಕು.

ಲೆಕ್ಕ ಹೀಗೆ. ಆ ದಿನ ರಾತ್ರಿ ಗುರು-ಶನಿ ನಿಖರವಾಗಿ ಕೂಡಿದ್ದು (ಯುತಿ) ಸಾಯನ (ಅಯನಾಂಶ ಕಳೆಯುವ ಮುಂಚಿನ) ವೃಷಭ 22°43'ರಲ್ಲಿ. ಲಾಹಿರಿ ಅಯನಾಂಶ ಆಗ ಸುಮಾರು 23°51'. ಕಳೆದರೆ ಮೇಷ 28°52' ಸುಮಾರು. ರಾಮನ್ ಅಯನಾಂಶ ಲಾಹಿರಿಗಿಂತ ಸುಮಾರು 1°27' ಕಡಿಮೆ. ಅದನ್ನು ಕಳೆದರೆ ವೃಷಭ 0°19' ಸುಮಾರು. ಯುತಿ ರಾಶಿಯ ಅಂಚಿನಲ್ಲೇ ಆಗಿರುವುದರಿಂದ ಒಂದೂವರೆ ಡಿಗ್ರಿಗೂ ಕಡಿಮೆ ವ್ಯತ್ಯಾಸ ಮನೆಯನ್ನೇ ಬದಲಿಸಿದೆ. ನಕ್ಷತ್ರ ಎರಡರಲ್ಲೂ ಕೃತ್ತಿಕೆಯೇ, ಪಾದ (ನಕ್ಷತ್ರದ ಕಾಲು ಭಾಗ) ಮಾತ್ರ ಒಂದರಿಂದ ಎರಡಕ್ಕೆ ಹೋಗಿದೆ.

ಪಾದ ತಾನೇ ಎಂದು ಬಿಡಬೇಡಿ, ನವಾಂಶದಲ್ಲಿ (ರಾಶಿಯನ್ನು ಒಂಬತ್ತು ಭಾಗ ಮಾಡಿ ಹಾಕುವ ಕುಂಡಲಿಯಲ್ಲಿ) ಅದು ಚಿತ್ರವನ್ನೇ ತಿರುಗಿಸುತ್ತದೆ. ಕೃತ್ತಿಕಾ 1ನೇ ಪಾದ ಧನು ನವಾಂಶ: ಗುರುವಿಗೆ ಸ್ವಕ್ಷೇತ್ರ (ಸ್ವಂತ ರಾಶಿ). 2ನೇ ಪಾದ ಮಕರ ನವಾಂಶ: ಗುರು ಅಲ್ಲಿ ನೀಚ, ಶನಿ ಸ್ವಕ್ಷೇತ್ರ. ಲಾಹಿರಿಯಲ್ಲಿ ರಾಶಿಯಲ್ಲಿ ಶನಿ ಬಿದ್ದು ನವಾಂಶದಲ್ಲಿ ಗುರು ಏಳುತ್ತಾನೆ. ರಾಮನ್‌ನಲ್ಲಿ ನವಾಂಶದಲ್ಲಿ ಗುರು ಬಿದ್ದು ಶನಿ ಏಳುತ್ತಾನೆ. ಎರಡು ಆ್ಯಪ್‌ಗಳ ಫಲವನ್ನು ಕಲಸಿ ಓದಲೇಬಾರದು ಅನ್ನುವುದು ಇದಕ್ಕೇ.

ಭಾರತ ಸರ್ಕಾರದ ಕ್ಯಾಲೆಂಡರ್ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಒಪ್ಪಿದ್ದು ಚಿತ್ರಾಪಕ್ಷದ ಅಯನಾಂಶವನ್ನು. ರಾಷ್ಟ್ರೀಯ ಪಂಚಾಂಗ ನಡೆಯುವುದೂ ಅದರ ಮೇಲೆಯೇ. ಬೇರೆ ಪರಂಪರೆ ನಿಮ್ಮದಲ್ಲದಿದ್ದರೆ ಲಾಹಿರಿ ಇಟ್ಟುಕೊಳ್ಳಿ.

ಮರುಪ್ರಶ್ನೆ

ಹೌದು, ಎರಡನೆಯದರಲ್ಲಿ ರಾಮನ್ ಇತ್ತು. ಲಾಹಿರಿಗೆ ಬದಲಿಸಿದ ಮೇಲೆ ಎರಡೂ ಮೇಷ ತೋರಿಸುತ್ತಿವೆ. ಆದರೆ ಹಳೆಯ ಸೆಟ್ಟಿಂಗ್‌ನಲ್ಲಿ ಭಾವಕುಂಡಲಿ (ಲಗ್ನದ ಡಿಗ್ರಿಯಿಂದ ಮನೆಗಳನ್ನು ಹಂಚುವ ಕುಂಡಲಿ) ನೋಡಿದಾಗ, ರಾಶಿ ವೃಷಭವಿದ್ದರೂ ಇಬ್ಬರೂ ಆರನೇ ಭಾವದಲ್ಲೇ ಇದ್ದರು. ಅದು ಹೇಗೆ? ಮತ್ತೆ, ನೀಚಭಂಗ ರಾಜಯೋಗ ನಿಜವೇ?

ಉತ್ತರ 2

ಭಾವದ ಪ್ರಶ್ನೆ ಸುಲಭ. ಅಯನಾಂಶ ಬದಲಿಸಿದರೆ ಗ್ರಹಗಳ ಜೊತೆ ಲಗ್ನವೂ ಅಷ್ಟೇ ಸರಿಯುತ್ತದೆ. ಲಗ್ನ 20°ಯ ಆಸುಪಾಸು ಇದ್ದಾಗ 6-7ರ ಭಾವಸಂಧಿ (ಎರಡು ಭಾವಗಳ ಗಡಿ) ವೃಷಭ 5°ಯ ಹತ್ತಿರ ಬೀಳುತ್ತದೆ. ಗುರು-ಶನಿ ಅದಕ್ಕಿಂತ ಐದಾರು ಡಿಗ್ರಿ ಹಿಂದೆ, ಹಾಗಾಗಿ ಯಾವ ಅಯನಾಂಶ ಹಾಕಿದರೂ ಭಾವ ಆರನೆಯದೇ. ಗ್ರಹಗಳ ನಡುವಿನ ಅಂತರವೂ ಹಾಗೆಯೇ ಬದಲಾಗುವುದಿಲ್ಲ. ಆದ್ದರಿಂದ ಅಸ್ತ (ಗ್ರಹ ರವಿಗೆ ತೀರ ಹತ್ತಿರವಾಗಿ ಮರೆಯಾಗುವುದು), ಗ್ರಹಯುದ್ಧ (ಎರಡು ಗ್ರಹ ತೀರ ಹತ್ತಿರ ಬರುವುದು) ಇವುಗಳನ್ನು ಅಯನಾಂಶದ ಜಗಳಕ್ಕೆ ಸಿಕ್ಕಿಸದೆ ನೋಡಬಹುದು. ಈ ಜಾತಕದಲ್ಲಿ ತೀರ್ಮಾನ ನಿಲ್ಲುವುದು ಅವುಗಳ ಮೇಲೆಯೇ.

ಅಸ್ತ: ರವಿಗೂ ಶನಿಗೂ ಅಂತರ ಸುಮಾರು 14°48'. ಶನಿಯ ಮೌಢ್ಯದ (ಅಸ್ತದ) ಮಿತಿ 15°. ಅಂದರೆ ಶನಿ ಅಸ್ತದಿಂದ ಹೊರಬರುವ ಹೊಸ್ತಿಲಲ್ಲಿದ್ದಾನೆ. ಇದನ್ನು ಪೂರ್ಣ ಅಸ್ತವೆಂದು ಓದುವುದು ನನಗೆ ಒಪ್ಪಿಗೆಯಿಲ್ಲ. ಗುರುವಿನ ಮಿತಿ 11°, ಅವನಿಗೆ ದೋಷವೇ ಇಲ್ಲ.

ಗ್ರಹಯುದ್ಧ: ರೇಖಾಂಶದಲ್ಲಿ ಇಬ್ಬರ ನಡುವೆ ಒಂದು ಕಲೆಯೂ (ಡಿಗ್ರಿಯ ಅರವತ್ತನೇ ಒಂದು ಭಾಗ) ಇಲ್ಲ. ಆದರೆ ಶರದಲ್ಲಿ (ಉತ್ತರ-ದಕ್ಷಿಣ ಅಳತೆಯಲ್ಲಿ) ಗುರು ಶನಿಗಿಂತ ಸುಮಾರು 1°09' ಉತ್ತರಕ್ಕಿದ್ದಾನೆ. ಒಂದು ಡಿಗ್ರಿ ಮೀರಿದ್ದನ್ನು ಯುದ್ಧವೆನ್ನದೆ ಸಮಾಗಮ ಎನ್ನುವ ಲೆಕ್ಕವೂ ಇದೆ. ಯುದ್ಧವೆಂದೇ ಹಿಡಿದರೂ ಗೊಂದಲವಿಲ್ಲ: ಉತ್ತರಕ್ಕಿರುವವನೂ ಗುರು, ಹೆಚ್ಚು ಬೆಳಗುವವನೂ ಗುರು. 21 ಡಿಸೆಂಬರ್ 2020ರ ಯುತಿಗೆ ಈ ಸೌಕರ್ಯವಿರಲಿಲ್ಲ. ಆಗ ಅಂತರ ಬರೀ 6 ಕಲೆ, ಉತ್ತರಕ್ಕಿದ್ದವನು ಶನಿ, ಪ್ರಕಾಶ ಗುರುವಿನದು. ಹಾಗಾಗಿ ಒಂದು ನಿಯಮ ಹಿಡಿದವರು ಒಬ್ಬನನ್ನು ಗೆಲ್ಲಿಸಿದರೆ ಇನ್ನೊಂದು ನಿಯಮದವರು ಮತ್ತೊಬ್ಬನನ್ನು ಗೆಲ್ಲಿಸಿದರು.

ಇನ್ನು ನೀಚಭಂಗ. ಮೇಷಾಧಿಪತಿ ಕುಜ ವೃಷಭದಲ್ಲಿ, ಲಗ್ನದಿಂದ ಏಳರಲ್ಲಿ, ಅಂದರೆ ಕೇಂದ್ರದಲ್ಲಿ (1, 4, 7, 10ನೇ ಮನೆಗಳಲ್ಲೊಂದು) ಇದ್ದಾನೆ. ಶನಿಯ ಉಚ್ಚರಾಶಿ ತುಲೆ, ಅದರ ಅಧಿಪತಿ ಶುಕ್ರನೂ ಅಲ್ಲೇ. ಪುಸ್ತಕದ ನಿಯಮ ಎರಡು ಕಡೆಯಿಂದ ಕೂಡಿತು, ಆ್ಯಪ್ 'ರಾಜಯೋಗ' ಎಂದು ಅಚ್ಚುಹಾಕಿತು. ಅದು ಮುಂದೆ ಹೋಗಿ ನೋಡದ್ದು ಇಷ್ಟು: ಕುಜ ರವಿಯಿಂದ ಸುಮಾರು 10°, ಅವನ ಮಿತಿ 17°. ಶುಕ್ರ ಸುಮಾರು 4°, ಮಿತಿ 10°. ಭಂಗ ಮಾಡಿಕೊಡಬೇಕಾದ ಇಬ್ಬರೂ ಅಸ್ತಂಗತರು. ಹಾಗಾಗಿ ನೀಚತ್ವ ಸಡಿಲವಾಗಿದೆ ಎನ್ನಬಹುದು. ರಾಜಯೋಗ ಎನ್ನಲು ಬಲ ಸಾಲದು.

ಫಲ ಹೇಳುವಾಗ ಕಾರಕತ್ವದಿಂದ (ಗ್ರಹ ಸಹಜವಾಗಿ ಸೂಚಿಸುವ ವಿಷಯದಿಂದ) ಆರಂಭಿಸಬೇಡಿ, ಆಧಿಪತ್ಯದಿಂದ ಆರಂಭಿಸಿ. ವೃಶ್ಚಿಕಕ್ಕೆ ಗುರು 2 ಮತ್ತು 5ರ ಒಡೆಯ, ಶನಿ 3 ಮತ್ತು 4ರ ಒಡೆಯ. ಧನ, ವಿದ್ಯೆ, ಸಂತಾನದ ಒಡೆಯ ಆರಕ್ಕೆ ಹೋಗಿ ಅಲ್ಲಿ ಬಲವಾಗಿಯೇ ನಿಂತಿದ್ದಾನೆ. ಓದು ಸ್ಪರ್ಧಾ ಪರೀಕ್ಷೆಯ ದಾರಿ ಹಿಡಿಯುವುದು, ಹಣ ಸೇವೆ-ಉದ್ಯೋಗದಿಂದ ಬರುವುದು, ಮನೆ-ಭೂಮಿಗೆ ಸಾಲ ಬೀಳುವುದು, ಈ ದಿಕ್ಕಿನಲ್ಲಿ ಓದಿ. ಆರು ಉಪಚಯ ಸ್ಥಾನ. ಪಾಪಗ್ರಹ ಶನಿ ಅಲ್ಲಿ ವಯಸ್ಸಾದಂತೆ ಸುಧಾರಿಸುತ್ತಾನೆ. 'ವಿವಾಹ ವಿಳಂಬ'ವನ್ನು ಈ ಯುತಿಯಿಂದ ಹೇಳುವಂತಿಲ್ಲ, ಅದಕ್ಕೆ ಏಳರಲ್ಲಿರುವ ರವಿ-ಕುಜ-ಶುಕ್ರರನ್ನು ಬೇರೆಯಾಗಿ ನೋಡಬೇಕು.

ಉತ್ತರ 1

ನನ್ನ ಮೊದಲ ಉತ್ತರಕ್ಕೆ ಒಂದು ಸೇರಿಸುತ್ತೇನೆ. ಅಯನಾಂಶ ಬದಲಿಸಿದ ಮೇಲೆ ದಶಾಪಟ್ಟಿಯನ್ನೂ (ಯಾವ ಗ್ರಹದ ಕಾಲ ಯಾವಾಗಿನಿಂದ ಎಂಬ ಪಟ್ಟಿ) ಮತ್ತೆ ತೆಗೆಯಿರಿ. ಚಂದ್ರ ಮೀನದಲ್ಲಿ, ಉತ್ತರಾಭಾದ್ರೆ; ಜನನಕಾಲದ ದಶೆ ಶನಿಯದು, 19 ವರ್ಷ. ಇಡೀ ನಕ್ಷತ್ರದ 13°20'ಗೆ 19 ವರ್ಷವಾದರೆ 1°27'ಗೆ ಎರಡು ವರ್ಷ ಚಿಲ್ಲರೆ. ರಾಮನ್‌ನಲ್ಲಿ ತೆಗೆದ ಹಳೆಯ ಪಟ್ಟಿಯಲ್ಲಿ ಶನಿ ದಶೆ ಅಷ್ಟು ಬೇಗ ಮುಗಿದು, ಮುಂದಿನ ಬುಧ ದಶೆ, ದಶೆಯೊಳಗಿನ ಭುಕ್ತಿಗಳೆಲ್ಲ ಅಷ್ಟೇ ಹಿಂದಕ್ಕೆ ಸರಿದಿರುತ್ತವೆ. ದಿನಾಂಕ ಗೊತ್ತಿರುವ ಎರಡು ಮೂರು ಘಟನೆಗಳನ್ನು ಎರಡೂ ಪಟ್ಟಿಗೆ ಹಚ್ಚಿ ನೋಡಿ. ಮೊದಲು ಕೆಲಸಕ್ಕೆ ಸೇರಿದ ದಿನ ಒಳ್ಳೆಯ ಗುರುತು.