ಬ್ರೂಜ್‌ಗೆ ಹೋಗೋದೋ, ಲ್ಯೂಬೆಕ್‌ಗೋ?

ಪ್ರಶ್ನೆ (ಕಲಬುರಗಿ):
ಮಗಳು ಹ್ಯಾಂಬರ್ಗ್‌ನಾಗ ಓದ್ಲಕತ್ತಾಳ, ಅಕ್ಟೋಬರ್‌ನಾಗ ನಾವಿಬ್ರೂ ಹೊಂಟೇವಿ. ನೀರಿನ ದಂಡಿ ಮ್ಯಾಲಿನ ಹಳೇ ಊರು ಒಂದರೆ ನೋಡಬೇಕಂತ ಮನೆಯವರ ಹಠ. ಫೋಟೋದಾಗ ಎಲ್ಲಾ ಒಂದೇ ನಮೂನಿ ಕಾಣ್ತಾವ. ಯಾವುದಕ್ಕ ಹೋಗೋದು? ಅಲ್ಲಿ ಐನೂರು ವರ್ಷದ ಮನಿ ಹೆಂಗ ಉಳಿದಾವ? ನಮ್ಮ ಓಣ್ಯಾಗ ನಮ್ಮಜ್ಜನ ಕಾಲದ್ದು ಒಂದೂ ಇಲ್ಲ.

ಉತ್ತರ (ಯಾದಗಿರಿ):
ವೆನಿಸ್. ಕೆಸರಿನಾಗ ಮರದ ಕಂಬ ಹೊಡೆದು ಊರು ಕಟ್ಟ್ಯಾರ. ಕೆಳಗ ಗಾಳಿ ಆಡಂಗಿಲ್ಲ, ಅದಕ್ಕ ಕಂಬ ಬೇಗ ಕೊಳೆಯಂಗಿಲ್ಲ.

ಉತ್ತರ (ಬೀದರ್):
ವೆನಿಸ್ ಬಿಡ್ರಿ, ಮಂದಿ ನೋಡ್ಲಿಕ್ಕ ಅಷ್ಟು ದೂರ ಯಾಕ? ನಾ ಕೆಲಸದ ಸಲುವಾಗಿ ಬೆಲ್ಜಿಯಂನ ಆಂಟ್ವರ್ಪ್‌ನಾಗಿದ್ದೆ, ರಜಾ ಸಿಕ್ರ ಅದೇ ದೇಶದ ಬ್ರೂಜ್‌ಗೆ ಓಡ್ತಿದ್ದೆ. ಅಲ್ಲಿ ಮನಿ ಉಳಿದದ್ದು ಬಡತನದಿಂದ್ರಿ! 1134ರಾಗ ಸಮುದ್ರ ಉಕ್ಕಿ ಝ್ವಿನ್ ಅನ್ನೋ ಹರಿವು ತೆರಕೊಂತು. ಬಾಜೂಕಿನ ಡಾಮ್ಮೆ ಊರಿನ ತನಕ ಹಡಗು, ಅಲ್ಲಿಂದ ಬ್ರೂಜ್‌ಗೆ ದೋಣಿ. ಇಂಗ್ಲೆಂಡಿನ ಉಣ್ಣಿ ಬಂತು, ಇಟಲಿ ಸಾವ್ಕಾರ್ರು ಬಂದ್ರು. ಆಮ್ಯಾಲ ಆ ಹರಿವಿನಾಗ ಹೂಳು ತುಂಬ್ತು. ನಮ್ಮ ನೌಬಾದಿನ ಸುರಂಗ ಬಾವಿ ಮುಚ್ಚಿಕೊಂಡು ಮಂದಿ ಮರತೇ ಬಿಟ್ಟಿದ್ರಲ್ಲ, ಹಂಗೇ. 1500ರ ಸುಮಾರಿಗೆ ದೊಡ್ಡ ವ್ಯಾಪಾರ ಆಂಟ್ವರ್ಪ್ ಕಡಿ ಹೋಯ್ತು. ಹಳೇದು ಕೆಡವಿ ಹೊಸದು ಕಟ್ಟಲಿಕ್ಕ ರೊಕ್ಕ ಎಲ್ಲಿಂದ ತರಬೇಕು? ಹಂಗೇ ಬಿಟ್ರು. ಇವತ್ತು ಅದನ್ನ ನೋಡ್ಲಿಕ್ಕೇ ನಾವು ರೊಕ್ಕ ಕೊಡ್ತೇವಿ.

ಕಾಲುವಿ ಬದಿ ಎಷ್ಟೋ ಮನಿಗಳ ಹಿಂದಿನ ಗ್ವಾಡಿ ಸೀದಾ ನೀರಿಗೇ ಇಳೀತದ, ನಡುವ ಕಾಲಿಡ್ಲಿಕ್ಕ ಜಾಗಿಲ್ಲ. ಇಟ್ಟಂಗಿ ಮ್ಯಾಲ ನೀರು ಏರಿದ ಗುರುತು, ಅದರ ಕೆಳಗ ಪಾಚಿ. ಪ್ರವಾಸಿ ಬಸ್ಸು ಬರೋಕಿಂತ ಮೊದಲ ಹೋಗ್ರಿ.

ಆದ್ರ ಮಗಳು ಹ್ಯಾಂಬರ್ಗ್‌ನಾಗ ಅಂದ್ರ ಲ್ಯೂಬೆಕ್ ಬಾಜೂಕೇ, ಟ್ರೇನಿನಾಗ ಒಂದು ತಾಸೂ ಹಿಡಿಯಂಗಿಲ್ಲ. 1478ರಾಗ ಮುಗಿದ ಹೋಲ್‌ಸ್ಟನ್ ಅನ್ನೋ ಊರಬಾಗಿಲು ಮೆತ್ತನ ನೆಲಕ್ಕ ಕುಸಿದು ವಾಲ್ಯದ. ಮಗ್ಗಲಿಗೆ ಉಪ್ಪಿನ ಉಗ್ರಾಣ. ಲ್ಯೂನೆಬುರ್ಗ್ ಊರಿನ ಉಪ್ಪು 1398ರ ಸ್ಟೆಕ್ನಿಟ್ಜ್ ಕಾಲುವಿ ಮ್ಯಾಲ ದೋಣಿಯಾಗ ಬಂದು, ಹೆರಿಂಗ್ ಮೀನು ಕೆಡದಂಗ ಹಾಕ್ಲಿಕ್ಕ ಬಾಲ್ಟಿಕ್ ಸಮುದ್ರ ದಾಟತಿತ್ತು. ಆಗಿನ ಕ್ರೈಸ್ತರು ಉಪವಾಸದ ದಿನ ಮಾಂಸ ಮುಟ್ಟತಿರಲಿಲ್ಲ, ಮೀನು ನಡೀತಿತ್ತು. ಆ ಊರಿನ ಸಿರಿವಂತಿಕಿಗೆ ಅದೂ ಒಂದು ಕಾರಣ. 1942ರ ಬಾಂಬಿಗೆ ಊರಿನ ಒಂದು ಭಾಗ ಸುಟ್ಟದ, ಎಲ್ಲಾ ಹಳೇದಂತ ತಿಳೀಬ್ಯಾಡ್ರಿ.

ಪ್ರಶ್ನೆ ಕೇಳಿದವರು:
ಮನೆಯವರಿಗೆ ಮೊಣಕಾಲು ನೋವು. ಮೆಟ್ಟಿಲು ಭಾಳ ಅವ ಏನು?

ಉತ್ತರ (ಬೀದರ್):
ಬ್ರೂಜ್ ಗಂಟೆಗೋಪುರಕ್ಕ 366. ಹಂಗಾದ್ರ ಲ್ಯೂಬೆಕ್ಕೇ ಪಕ್ಕಾ ಮಾಡ್ರಿ, ಅಲ್ಲಿ ಸೇಂಟ್ ಪೆಟ್ರಿ ಗೋಪುರಕ್ಕ ಲಿಫ್ಟ್ ಅದ.