ಮುಳ್ಳು ನಡುವೆಯೇ ಇದೆ

“ಅದನ್ನು ಮಾರಿಬಿಡು ಕಣೋ” ಎಂದ ಲೆಕ್ಕಿಗ. ನಾವು ಕೂತು ಇನ್ನೂ ಐದು ನಿಮಿಷ ಆಗಿರಲಿಲ್ಲ.

ಅವನ ಕೆಲಸ ಲೆಕ್ಕ ಬರೆಯುವುದು, ಹಾಗಾಗಿ ಹೆಸರೂ ಲೆಕ್ಕಿಗ. ಇನ್ನೊಬ್ಬ ಸ್ಪ್ಯಾನರ್. ತನ್ನ ಕಾರನ್ನು ತಾನೇ ಬಿಚ್ಚಿ ಜೋಡಿಸಿ, ಎರಡು ಬೋಲ್ಟ್ ಮಿಗಿಸಿಕೊಂಡವನು. ಮೂರನೆಯವರು ಮೇಷ್ಟ್ರು. ಎಲ್ಲರಿಗಿಂತ ಹಿರಿಯರು, ಕಾರು ಓಡಿಸಲು ಬಾರದವರು, ಅದಕ್ಕೇ ಕಾರಿನ ಬಗ್ಗೆ ಜಾಸ್ತಿ ಮಾತಾಡುವವರು. ನಾಲ್ಕನೆಯವನು ನಾನು. ನನ್ನ ಹತ್ತಿರ 25 ವರ್ಷ ದಾಟಿದ ಜರ್ಮನ್ ಸ್ಪೋರ್ಟ್ಸ್ ಸಲೂನ್ ಕಾರು ಒಂದಿದೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಮನೆ ಜಗಳವನ್ನು ಬೀದಿಗೆ ತರಬಾರದು.

“ಅದೇನಪ್ಪ ಸ್ಪೋರ್ಟ್ಸ್ ಅಂತೀಯ, ನಾಲ್ಕು ಬಾಗಿಲು ಇದೆ, ಡಿಕ್ಕಿ ಇದೆ. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲ” ಎಂದರು ಮೇಷ್ಟ್ರು.

“ಆ ಸುಳ್ಳೇ ಮಜಾ ಮೇಷ್ಟ್ರೇ. ಬಿಎಂಡಬ್ಲ್ಯು 1985ರಲ್ಲಿ ಮೊದಲನೇ ಎಂ5 ತಂದಾಗ ನೋಡಿದವರಿಗೆ ಅದು ಆಫೀಸಿಗೆ ಹೋಗೋ ಕಾರು. ಬಾನೆಟ್ ಒಳಗೆ ಎಂ1 ಸೂಪರ್‌ಕಾರಿನ ವಂಶದ ಎಂಜಿನ್, 286 ಕುದುರೆಗಳ ಶಕ್ತಿ” ಎಂದೆ.

“ಅಂದರೆ ಪಂಚೆ ಉಟ್ಟ ಪೈಲ್ವಾನ.”

“ಹಾಗೇ ಅಂದ್ಕೊಳ್ಳಿ. ಮರ್ಸಿಡಿಸ್‌ನವರದು ಇನ್ನೂ ಚೆಂದ. 500ಇ ಅಂತ ಒಂದು ಮಾಡಿದರು. ಚಕ್ರದ ಮೇಲಿನ ಕಮಾನು ಅಗಲ ಆಗಿ, ಕಾರು ಅವರದೇ ಫ್ಯಾಕ್ಟರಿಯ ಜೋಡಣೆ ಸಾಲಿನಲ್ಲಿ ಹಿಡಿಯಲಿಲ್ಲ. ಜೋಡಿಸೋಕೆ ಪೋರ್ಷೆಯವರ ಹತ್ತಿರ ಕಳಿಸಿದರು. ಎರಡು ಫ್ಯಾಕ್ಟರಿಗಳ ಮಧ್ಯೆ ಹೋಗಿ ಬಂದು ಒಂದು ಕಾರು ಮುಗಿಯೋಕೆ 18 ದಿನ.”

“ಕಟ್ಟೋಕೆ 18 ದಿನ. ಸರಿ. ಹೋದ ಸಲ ನಿಂದು ರಿಪೇರಿಗೆ ಎಷ್ಟು ದಿನ ನಿಂತಿತ್ತು?” ಎಂದ ಲೆಕ್ಕಿಗ.

41. ಆದರೆ ಅವನಿಗೆ ಹೇಳಲಿಲ್ಲ.

“ಖರ್ಚಿನ ಲೆಕ್ಕವಾದರೂ ಇಟ್ಟಿದ್ದೀಯಾ?”

“ಇಟ್ಟಿದ್ದೆ. ಮೂರನೇ ತಿಂಗಳು ಆ ಪುಸ್ತಕ ಎಲ್ಲೋ ಕಳೆದುಹೋಯ್ತು.”

“ಕಳೆದುಹೋಯ್ತೋ, ಕಳೆದೆಯೋ?”

ಸ್ಪ್ಯಾನರ್ ನನ್ನ ಪರವಾಗಿ ಬಾಯಿ ಹಾಕಿದ. ಅವನು ಪರವಾಗಿ ಮಾತಾಡಿದರೆ ನನಗೆ ಇನ್ನೂ ಭಯ. “ಅಲ್ವೋ, ಎಂಜಿನ್ ಏನೂ ಆಗಲ್ಲ. ಕಬ್ಬಿಣ ಕಬ್ಬಿಣವೇ. ಸಾಯೋದು ಅದರ ಸುತ್ತ ಇರೋ ಪ್ಲಾಸ್ಟಿಕ್ಕು, ರಬ್ಬರು. ದಿನಾ ಕಾಯುತ್ತೆ, ದಿನಾ ಆರುತ್ತೆ. ವರ್ಷಗಟ್ಟಲೆ ಹೀಗೇ ಆದರೆ ಕೂಲೆಂಟ್ ಡಬ್ಬಿ, ಅದೇ ಎಂಜಿನ್ ತಣಿಸೋ ನೀರಿನ ಡಬ್ಬಿ, ಒಣಗಿದ ಎಲೆ ಥರ ಆಗುತ್ತೆ. ಇವನದು ಹಾಗೇ ಒಡೆದಿದ್ದು.”

ಒಡೆದಿದ್ದು ನಿಜ. ಡಬ್ಬಿಯ ಹೊಲಿಗೆಯ ಮೇಲೆ ಕೂದಲೆಳೆಯಷ್ಟು ಬಿರುಕು. ಅದರಗುಂಟ ಒಣಗಿದ ಬಿಳಿ ಪುಡಿ, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ವಾರದಿಂದ ಕಾರಿನೊಳಗೆ ಏನೋ ಸಿಹಿ ವಾಸನೆ ಬರುತ್ತಿತ್ತು. ಯಾರೋ ಸೆಂಟು ಹಾಕಿಕೊಂಡು ಕೂತಿದ್ದರು ಅಂದುಕೊಂಡಿದ್ದೆ.

“ಬಿಸಿ ತೋರಿಸೋಕೆ ಮೀಟರ್ ಇಲ್ವೇನಪ್ಪ?” ಎಂದರು ಮೇಷ್ಟ್ರು.

“ಇದೆ ಮೇಷ್ಟ್ರೇ” ಎಂದೆ. “ಅದರದೇ ಕತೆ. ಆ ಕಾಲದ ಹಲವು ಕಾರುಗಳಲ್ಲಿ ಮುಳ್ಳನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ನೀರಿನ ಬಿಸಿ ಎಷ್ಟೋ ಡಿಗ್ರಿ ಏರಿ ಇಳಿದರೂ ಅದು ನಡುಮಧ್ಯದಿಂದ ಕದಲಲ್ಲ. ಓಡಿಸೋನು ಸುಮ್ನೆ ಗಾಬರಿ ಆಗಬಾರದು ಅಂತ. ಅದು ಕದಲಿತು ಅಂದರೆ ಹೊತ್ತು ಮೀರಿದೆ ಅಂತ ಅರ್ಥ. ಎಂಜಿನ್ ಮೇಲಿನ ಅಲ್ಯೂಮಿನಿಯಂ ಹೆಡ್ ಸೊಟ್ಟ ಆಗೋಕೆ ಆಮೇಲೆ ಜಾಸ್ತಿ ಹೊತ್ತು ಬೇಡ.”

“ಗೊತ್ತಾಯ್ತು ಬಿಡು. ನಮ್ಮಲ್ಲೊಬ್ಬರು ಹೆಡ್‌ಮೇಷ್ಟ್ರು ಹಾಗೇ ಇದ್ದರು. ಶಾಲೆಯ ಹೆಂಚು ಹಾರಿಹೋಗಿದ್ದ ದಿನವೂ ಎಲ್ಲ ಕ್ಷೇಮ ಅಂತ ವರದಿ ಕಳಿಸಿದ್ದರು.”

ಡಬ್ಬಿ ಒಡೆದ ದಿನದಿಂದ ನಾನು ಮುಳ್ಳನ್ನು ನಂಬುವುದು ಬಿಟ್ಟು ಮೂಗನ್ನು ನಂಬಿದ್ದೇನೆ. ಸಿಹಿ ಬಂದರೆ ಕೂಲೆಂಟು. ಸೀದ ಕಮಟು ಬಂದರೆ ಎಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರಿನ) ಗ್ಯಾಸ್ಕೆಟ್ ದಾಟಿ ಎಣ್ಣೆ ಬಿಸಿ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕುತ್ತಿದೆ ಅಂತ. ಕಾರಿನಲ್ಲಿ ರೇಡಿಯೋ ಹಾಕುವುದಿಲ್ಲ. ಹಿಂದೆ ಕೂತವರು ಮಾತಾಡಿದರೆ ‘ಶ್’ ಅನ್ನುತ್ತೇನೆ. ನಿಲ್ಲಿಸಿದ ಮೇಲೆ ಬಗ್ಗಿ ಕೆಳಗೆ ಹನಿ ಬಿದ್ದಿದೆಯಾ ನೋಡುತ್ತೇನೆ. ಈ ಅಭ್ಯಾಸ ಎಷ್ಟಿದೆ ಅಂದರೆ, ಮೊನ್ನೆ ಬೇರೆಯವರ ಹೊಸ ಕಾರಿನಿಂದ ಇಳಿದೂ ಬಗ್ಗಿದೆ.

“ಹೆತ್ತವರಿಗೆ ಹೆಗ್ಗಣ ಮುದ್ದು” ಎಂದ ಲೆಕ್ಕಿಗ.

ಹೆಗ್ಗಣ ಅಂದಿದ್ದು ನನಗೆ ತಡೆಯಲಾಗಲಿಲ್ಲ. “ಹೆಗ್ಗಣವೇ? ಕೇಳು. 1984ರ ಮೇನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ಹೊಸ ರೇಸ್ ಟ್ರ್ಯಾಕ್ ಶುರುವಾಯ್ತು. ಹಳೇ ಚಾಂಪಿಯನ್ನರು, ದೊಡ್ಡ ದೊಡ್ಡ ಡ್ರೈವರುಗಳೆಲ್ಲ ಒಂದೇ ಥರದ ಮರ್ಸಿಡಿಸ್ 190ಇ ಸಲೂನುಗಳಲ್ಲಿ ಕೂತು ರೇಸ್ ಓಡಿಸಿದರು. ಗೆದ್ದಿದ್ದು ಯಾರು? ಆ ವರ್ಷವೇ ಫಾರ್ಮುಲಾ ಒನ್‌ಗೆ ಬಂದಿದ್ದ ಹುಡುಗ, ಐರ್ಟನ್ ಸೆನ್ನಾ. ಚಾಂಪಿಯನ್ ನಿಕಿ ಲಾಡಾ ಎರಡನೇದು.”

“ಕಾರುಗಳೆಲ್ಲ ಒಂದೇ ಥರ ಅಂದೆ. ಹಾಗಾದರೆ ಗೆದ್ದಿದ್ದು ಹುಡುಗ ತಾನೇ? ಅದರಲ್ಲಿ ನಿನ್ನ ಕಾರಿಗೇನು ಪಾಲು?” ಎಂದರು ಮೇಷ್ಟ್ರು.

ಇವರ ಹತ್ತಿರ ಕಲಿತ ಮಕ್ಕಳ ಗತಿ ನೆನೆದು ಅಯ್ಯೋ ಅನಿಸಿತು.

ವಾದ ಸಾಕು ಅಂತ ಕೀಲಿಕೈ ತೆಗೆದು ಲೆಕ್ಕಿಗನ ಮುಂದೆ ಇಟ್ಟೆ. “ನೀನೇ ಓಡಿಸು.”

ನಾಲ್ವರೂ ಹತ್ತಿದೆವು. ಎಂಜಿನ್ ಮೊದಲು ಸ್ವಲ್ಪ ಕೆಮ್ಮಿತು, ಆಮೇಲೆ ತೆಪ್ಪಗಾಯಿತು. ಅವನು ಆಗಲೇ ಆಕ್ಸಿಲರೇಟರ್ ತುಳಿಯಲು ಹೊರಟ.

“ಎಂಜಿನ್ ಸುತ್ತು ನಿಮಿಷಕ್ಕೆ 3,000 ದಾಟಿಸಬೇಡ! ನೀರು ಬೇಗ ಕಾಯುತ್ತೆ, ಎಣ್ಣೆ ನಿಧಾನ.”

“ಅಷ್ಟು ಹೊತ್ತು ಏನು ಮಾಡೋದು?”

“ಸುಮ್ನೆ ಹೋಗೋದು. 1998ರ ಎಂ5ನಲ್ಲಿ ಆರ್‌ಪಿಎಂ ಮೀಟರಿನ ಸುತ್ತ ಪುಟ್ಟ ದೀಪಗಳೇ ಇವೆ. ಎಣ್ಣೆ ಕಾದ ಹಾಗೆ ಒಂದೊಂದೇ ಆರಿ, ಇನ್ನು ತುಳಿ ಅನ್ನುತ್ತವೆ. ಇದರಲ್ಲಿ ಆ ದೀಪ ನಾನೇ.”

ಹದಿನೈದು ನಿಮಿಷ ಆದ ಮೇಲೆ “ಹೂಂ” ಎಂದೆ. ಅವನು ಒತ್ತಿದ. ಸಾಲಾಗಿ ನಿಂತ ಆರು ಸಿಲಿಂಡರಿನ ಗುಣವೇ ಅದು. ಒಂದು ಪಿಸ್ಟನ್ನಿನ ಅಲುಗಾಟವನ್ನು ಇನ್ನೊಂದು ನುಂಗುತ್ತದೆ. ವೇಗ ಏರಿದ ಹಾಗೆ ನಡುಕ ಹೆಚ್ಚುವುದಿಲ್ಲ, ಸ್ವರ ಮಾತ್ರ ಏರುತ್ತದೆ. 4,000 ದಾಟಿದಾಗ ಯಾರೂ ಮಾತಾಡಲಿಲ್ಲ. ಮೇಷ್ಟ್ರು ಕೂಡ. ತಿರುವಿನಲ್ಲಿ ಲೆಕ್ಕಿಗ ಸ್ಟೀರಿಂಗನ್ನು ಒಂದಿಷ್ಟೇ ತಿರುಗಿಸಿದ, ಕಾರು ಅಷ್ಟೇ ತಿರುಗಿತು. ಅವನು ತನ್ನ ಅಂಗೈ ನೋಡಿಕೊಂಡ.

“ರಸ್ತೆ ಕೈಗೆ ಸಿಗ್ತಾ ಇದೆ ಕಣೋ” ಎಂದ ಮೆಲ್ಲಗೆ.

“ಹೈಡ್ರಾಲಿಕ್ ಸ್ಟೀರಿಂಗು” ಎಂದ ಸ್ಪ್ಯಾನರ್, ತಾನೇ ಮಾಡಿಕೊಟ್ಟವನ ಹಾಗೆ.

ಮುಂದೆ ಸುರಂಗ ಬಂತು. ಲೆಕ್ಕಿಗನ ಮುಖ ಚಿಕ್ಕ ಹುಡುಗನದಾಯಿತು. ಸದ್ದು ಚೆನ್ನಾಗಿ ಕೇಳಲಿ ಅಂತ ಕಿಟಕಿ ಇಳಿಸಲು ಕೈ ಹಾಕಿದ.

“ಆ ಬಟನ್ ಒಂದು ಮುಟ್ಟಬೇ—”

ಠಕ್. ಗಾಜು ಬಾಗಿಲಿನೊಳಗೆ ಬಿತ್ತು. ಸುರಂಗದ ಗಾಳಿಯೆಲ್ಲ ಒಳಗೆ ಬಂತು.

“ಪ್ಲಾಸ್ಟಿಕ್ ಕ್ಲಿಪ್ಪು” ಎಂದ ಸ್ಪ್ಯಾನರ್ ಹಿಂದಿನಿಂದ, ತುಂಬಾ ಖುಷಿಯಿಂದ.

ಲೆಕ್ಕಿಗ ಸುರಂಗ ದಾಟುವವರೆಗೂ ಸುಮ್ಮನಿದ್ದ. ಆಕ್ಸಿಲರೇಟರ್ ಮಾತ್ರ ಬಿಡಲಿಲ್ಲ. ಆಚೆ ಬೆಳಕಿಗೆ ಬಂದ ಮೇಲೆ ನನ್ನ ಕಡೆ ತಿರುಗಿ ಕೇಳಿದ:

“ಆ ಲೆಕ್ಕದ ಪುಸ್ತಕ ಮತ್ತೆ ಸಿಗಲಿಲ್ಲ ತಾನೇ?”

“ಇಲ್ಲ.”

“ಒಳ್ಳೇದಾಯ್ತು ಬಿಡು” ಎಂದು ಗೇರ್ ಇಳಿಸಿದ.